ಕರ್ಚೀಫಿನ ಮೇಲಿನ ಮನೆ

ಆ ಕರ್ಚೀಫಿಗೆ ಗೊತ್ತಿರುವಷ್ಟು ಮನೆಗಳು ಊರಿನ ಅಂಚೆಯವನಿಗೂ ಗೊತ್ತಿರಲಿಕ್ಕಿಲ್ಲ. ನೀಲಿ ಬಣ್ಣದ ದೊಡ್ಡ ಕರ್ಚೀಫು. ಒಗೆದು ಒಗೆದು ಬಣ್ಣ ಬಿಟ್ಟು, ಬೆಳಗಿನ ಆಕಾಶದ ತುಂಡೊಂದನ್ನು ಯಾರೋ ಕತ್ತರಿಸಿ ಅಂಚು ಹೊಲಿದ ಹಾಗಾಗಿತ್ತು. ಅದರ ಜೊತೆಗೆ ಒಂದು ಬಟ್ಟೆಯ ಚೀಲ, ಚೀಲದ ತುಂಬ ಗುಂಡಿಗಳು. ಕೋಟಿನ ದಪ್ಪ ಗುಂಡಿ, ಅಂಗಿಯ ಬಿಳಿ ಗುಂಡಿ, ಯಾವುದೋ ಮಗುವಿನ ಸ್ವೆಟರಿನಿಂದ ಉದುರಿದ್ದ ಬಾತುಕೋಳಿಯ ಆಕಾರದ ಹಳದಿ ಗುಂಡಿ.

ಇವುಗಳ ಒಡತಿ ಕುಟುಂಬ ನ್ಯಾಯಾಲಯದ ಸಮಾಜ ಕಾರ್ಯಕರ್ತೆ. ಅಪ್ಪ ಅಮ್ಮ ಬೇರೆಯಾದಾಗ, ಇಲ್ಲವೇ ಅವರಲ್ಲೊಬ್ಬರು ಜೈಲಿಗೆ ಹೋದಾಗ, ಮಗು ಯಾರ ಹತ್ತಿರ ಇದ್ದರೆ ಒಳ್ಳೆಯದು ಎಂದು ನೋಡಿಬಂದು ನ್ಯಾಯಾಧೀಶರಿಗೆ ಹೇಳುವುದು ಅವಳ ಕೆಲಸ. ಮಕ್ಕಳು ಅವಳನ್ನು ಗುಂಡಿ ಅಕ್ಕ ಎನ್ನುತ್ತಿದ್ದರು. ತಲೆ ಅರ್ಧ ಬೆಳ್ಳಗಾದ ಮೇಲೂ ಅಕ್ಕ ಎನ್ನಿಸಿಕೊಳ್ಳುವುದು ಯಾರಿಗೆ ಬೇಡ? ಅವಳೂ ತಿದ್ದಲು ಹೋಗಲಿಲ್ಲ.

ಅವಳ ಕೋಣೆ ಎರಡನೇ ಮಹಡಿಯ ಮೂಲೆಯಲ್ಲಿತ್ತು. ಕೆಳಗೆ ವಕೀಲರ ಗದ್ದಲ, ಟೈಪಿಂಗಿನ ಸದ್ದು, ಗಂಡ ಹೆಂಡಿರು ಒಬ್ಬರ ಮುಖ ಒಬ್ಬರು ನೋಡದೆ ಕೂತ ಬೆಂಚುಗಳು. ಮೆಟ್ಟಿಲು ಹತ್ತುತ್ತಾ ಹತ್ತುತ್ತಾ ಆ ಸದ್ದೆಲ್ಲ ನೀರೊಳಗೆ ಮುಳುಗಿದ ಹಾಗೆ ಮಂದವಾಗಿಬಿಡುತ್ತಿತ್ತು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಇಳಿದು ಮೇಜಿನ ಮೇಲೆ ಬೆಕ್ಕಿನಂತೆ ಮಲಗಿರುತ್ತಿತ್ತು. ಆ ಬಿಸಿಲಿನ ಮೇಲೆಯೇ ಅವಳು ಕರ್ಚೀಫು ಹಾಸುತ್ತಿದ್ದಳು.

"ನಿಂಗೆ ಯಾರು ಇಷ್ಟ?" ಎಂದು ಮಕ್ಕಳನ್ನು ಅವಳು ಯಾವತ್ತೂ ಕೇಳಿದವಳಲ್ಲ. ಆ ಪ್ರಶ್ನೆಗೆ ಮಕ್ಕಳು ಕೇಳಿದವರ ಮುಖ ನೋಡಿ ಉತ್ತರ ಕೊಡುತ್ತವೆ. ಅವಳು ಆಡಿಸುತ್ತಿದ್ದದ್ದು ಒಂದೇ ಆಟ. ಕರ್ಚೀಫೇ ಮನೆ, ಗುಂಡಿಗಳೇ ಜನ. ರಾತ್ರಿಯಾಗಿದೆ, ಎಲ್ಲರನ್ನೂ ಮಲಗಿಸಬೇಕು. ಹಗಲಲ್ಲಿ ದೊಡ್ಡವರು ಸಾವಿರ ವೇಷ ಹಾಕಿದರೂ ಮಲಗುವಾಗ ಯಾರು ಯಾರ ಪಕ್ಕದಲ್ಲಿ ಎನ್ನುವುದನ್ನು ಮುಚ್ಚಿಡಲಾಗುವುದಿಲ್ಲ ಎಂಬುದು ಅವಳು ಮನೆ ಮನೆ ಸುತ್ತಿ ಕಲಿತಿದ್ದ ಪಾಠ.

ಅವತ್ತು ಅವಳ ಮುಂದೆ ಕೂತಿದ್ದ ಹುಡುಗಿಯ ಅಡ್ಡಹೆಸರು ಜೀರುಂಡೆ. ಮಾತು ಕಡಿಮೆ. ಆದರೆ ಗಂಟಲಲ್ಲಿ ಸದಾ ಏನೋ ಒಂದು ಗುಂಯ್‌ಗುಟ್ಟುತ್ತಲೇ ಇರುತ್ತಿದ್ದಳು, ಅವಳೊಳಗೆ ಯಾರೋ ಸಣ್ಣ ಯಂತ್ರ ಚಾಲೂ ಮಾಡಿ ನಿಲ್ಲಿಸುವುದನ್ನು ಮರೆತ ಹಾಗೆ. ಅವಳಿಗೆ ಇನ್ನೂ ನಡೆಯಲು ಸರಿಯಾಗಿ ಬಾರದಿದ್ದ ಕಾಲದಲ್ಲಿ ಅವಳಪ್ಪ ಕದ್ದ ಮಾಲನ್ನು ಮನೆಯಲ್ಲಿ ತಂದಿಟ್ಟು ಓಡಿಹೋಗಿದ್ದ. ಪೊಲೀಸರ ಕೈಗೆ ಮಾಲೂ ಸಿಕ್ಕಿತು, ಅಮ್ಮನೂ ಸಿಕ್ಕಳು. ಅಂದಿನಿಂದ ಹುಡುಗಿಯನ್ನು ಸಾಕಿದವಳು ಅಮ್ಮನ ತಂಗಿ, ಬೇಕರಿಯಲ್ಲಿ ಹಿಟ್ಟು ನಾದುವವಳು. ಈಗ ಅಮ್ಮನ ಬಿಡುಗಡೆ ಹತ್ತಿರ ಬಂದಿತ್ತು. ಹೊರಗೆ ಬಂದವಳೇ ಮಗಳನ್ನು ಕರೆದುಕೊಂಡು, ಯಾರೂ ಗುರುತು ಹಿಡಿಯದ ದೂರದ ಊರಿಗೆ ಹೋಗಿಬಿಡುತ್ತೇನೆ ಎಂದು ಅವಳು ಕೋರ್ಟಿಗೆ ಕೇಳಿಕೊಂಡಿದ್ದಳು. ಚಿಕ್ಕಮ್ಮ, ಮಗು ನನ್ನ ಹತ್ತಿರವೇ ಇರಲಿ ಎಂದು ಕೇಳಿಕೊಂಡಿದ್ದಳು. ನಡುವೆ ಈ ಕರ್ಚೀಫು.

"ಬೆಕ್ಕಿಗೂ ಗುಂಡಿ ಬೇಕಾ?" ಎಂದು ಕೇಳಿದಳು ಜೀರುಂಡೆ.

"ಬೆಕ್ಕು ಮನೇಲೇ ಮಲಗತ್ತಾ?"

"ಮಲಗತ್ತೆ. ಆದ್ರೆ ಅದು ನಮ್ದಲ್ಲ."

"ಯಾರದ್ದಾದ್ರೆ ಏನು, ಮಲಗಿದ ಮೇಲೆ ಮನೆಯೋರೇ ಆಯ್ತಲ್ಲ. ಇಡು."

ಕಪ್ಪು ಗುಂಡಿ ಬೆಕ್ಕಾಗಿ ಕರ್ಚೀಫಿನ ಮೂಲೆ ಸೇರಿತು. ಹಳದಿ ಬಾತುಕೋಳಿ ಜೀರುಂಡೆ ತಾನೇ. ಅದನ್ನು ಅವಳು ಒಂದು ಅಂಚಿಗೆ, ಗೋಡೆಗೆ ಒತ್ತಿಕೊಂಡ ಹಾಗೆ ಇಟ್ಟಳು. ಕೆಂಪು ಗುಂಡಿಯನ್ನು ಎತ್ತಿಕೊಂಡು, "ಇದು ಕಿಟಕಿ ಅಮ್ಮ" ಎಂದು ಕರ್ಚೀಫಿನಿಂದಾಚೆ, ಮೇಜಿನ ತುದಿಯಲ್ಲಿಟ್ಟಳು. ಜೈಲಿನ ಗಾಜಿನ ಕಿಟಕಿಯ ಆಚೆ ಕಂಡ ಅಮ್ಮನಿಗೆ ಅವಳಿಟ್ಟ ಹೆಸರು ಅದು. ಬಿಳಿ ಗುಂಡಿ ಚಿಕ್ಕಮ್ಮನದು. ಹುಡುಗಿ ಒಲೆಯೆಂದು ಬೆರಳಿಟ್ಟು ತೋರಿಸಿದ ಕಡೆ ಅದು ನಿಂತಿತು.

"ಚಿಕ್ಕಮ್ಮನ್ನ ಮಲಗಿಸಲ್ವಾ?"

"ಚಿಕ್ಕಮ್ಮ ಮಲಗೋದೇ ಇಲ್ಲ."

ಬಾತುಕೋಳಿಯ ಪಕ್ಕದಲ್ಲಿ ಒಬ್ಬರು ಮಲಗುವಷ್ಟು ಜಾಗ ಖಾಲಿ ಉಳಿದಿತ್ತು. ಗುಂಡಿ ಅಕ್ಕ ಬೆಕ್ಕನ್ನು ಮೆಲ್ಲಗೆ ಅತ್ತ ತಳ್ಳಿ ನೋಡಿದಳು. ಜೀರುಂಡೆಯ ಗುಂಯ್‌ಗುಡುವಿಕೆ ಥಟ್ಟನೆ ನಿಂತಿತು.

"ಅಲ್ಲಿ ಇಡಬೇಡಿ."

"ಯಾಕೆ, ಯಾರಿದ್ದಾರೆ ಅಲ್ಲಿ?"

"ಯಾರೂ ಇಲ್ಲ. ಆದ್ರೆ ಇಡಬೇಡಿ."

"ಯಾರಾದ್ರೂ ಬರ್ತಾರಾ?"

ಹುಡುಗಿ ತಲೆಯಾಡಿಸಿದಳು. ಬರುತ್ತಾರೆ. ಮೇಜಿನ ತುದಿಯ ಕೆಂಪು ಗುಂಡಿಯನ್ನೂ, ಹಾಸಿಗೆಯ ಖಾಲಿ ಜಾಗವನ್ನೂ ಗುಂಡಿ ಅಕ್ಕನ ಕಣ್ಣು ತಾನಾಗಿಯೇ ಒಂದು ದಾರದಿಂದ ಪೋಣಿಸಿಬಿಟ್ಟಿತು. ಗಾಜಿನಾಚೆ ಮಾತ್ರ ಕಂಡ ಅಮ್ಮನಿಗೆ ಈ ಮಗು ದಿನಾ ಹಾಸಿಗೆಯಲ್ಲಿ ಜಾಗ ಬಿಟ್ಟು ಮಲಗುತ್ತಿದೆ! ಇಷ್ಟು ಚೆಂದದ ಉತ್ತರ ಕೈಗೆ ಬಂದಾಗ ಇನ್ನೊಂದು ಪ್ರಶ್ನೆ ಕೇಳಬೇಕು ಅಂತ ಯಾರಿಗೆ ಹೊಳೆಯುತ್ತದೆ?

ವಿಚಾರಣೆಯ ದಿನ ನ್ಯಾಯಾಧೀಶರು ಕನ್ನಡಕ ಒರೆಸಿಕೊಳ್ಳುತ್ತಾ, "ಏನಮ್ಮ, ನಿಮ್ಮ ಗುಂಡಿಗಳು ಏನನ್ನುತ್ತವೆ?" ಎಂದು ಕೇಳಿದರು.

"ಚಿಕ್ಕಮ್ಮ ಮಗೂನ ಚೆನ್ನಾಗಿ ನೋಡ್ಕೊಂಡಿದ್ದಾರೆ ಸರ್. ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಮಗು ಅಮ್ಮನಿಗೆ ಅಂತ ಜಾಗ ಇಟ್ಟುಕೊಂಡು ಕಾಯ್ತಿದೆ."

ನ್ಯಾಯಾಧೀಶರು ತಲೆದೂಗಿದರು. ಹಾಗಿದ್ದರೆ ಅಮ್ಮ ಬಿಡುಗಡೆಯಾದ ಮೇಲೆ ಮಗುವನ್ನು ಒಪ್ಪಿಸುವುದೇ ಸರಿ ಕಾಣುತ್ತದೆ, ಮುಂದಿನ ವಿಚಾರಣೆಯಲ್ಲಿ ತೀರ್ಮಾನ ಮಾಡೋಣ, ಅಷ್ಟರಲ್ಲಿ ಎಲ್ಲರೂ ತಯಾರಾಗಲಿ ಎಂದರು.

ಹೊರಗಿನ ಬೆಂಚಿನಲ್ಲಿ ಚಿಕ್ಕಮ್ಮ ಕೂತಿದ್ದಳು. ಮೊಣಕೈಯ ಮಡಿಕೆಯಲ್ಲಿ ಒಂದು ಗೆರೆ ಹಿಟ್ಟು ಇನ್ನೂ ಅಂಟಿತ್ತು. ಅವಳು ಜಗಳಕ್ಕೆ ಬರಬಹುದು ಎಂದು ಗುಂಡಿ ಅಕ್ಕ ಸಿದ್ಧಳಾಗಿಯೇ ಹೋಗಿದ್ದಳು.

"ಜಾಗ ಇಟ್ಟಿದ್ಲಾ ಮೇಡಂ? ಅವಳೇ ಇಟ್ಟಿದ್ಲಾ?"

"ಹೌದಮ್ಮ."

"ನಾನು ಎಲ್ಲಿದ್ದೆ ಅದರಲ್ಲಿ?"

ಗುಂಡಿ ಅಕ್ಕ ಸುಳ್ಳು ಹೇಳುವವಳಲ್ಲ. "ಒಲೆ ಹತ್ತಿರ."

ಚಿಕ್ಕಮ್ಮ ನಕ್ಕಳು. ಆ ನಗುವಿಗಿಂತ ಒಂದು ಬೈಗುಳ ಬಿದ್ದಿದ್ದರೆ ವಾಸಿಯಿತ್ತು. "ಸರಿಯಾಗೇ ಇಟ್ಟಿದ್ದಾಳೆ ಬಿಡಿ. ನಾನು ಇನ್ನೆಲ್ಲಿರ್ತೀನಿ?" ಎಂದು ಎದ್ದಳು. "ಜಡೆ ಹಾಕ್ಕೊಳೋಕೆ ಬರಲ್ಲ ಅವಳಿಗೆ. ಹೋಗೋದ್ರೊಳಗೆ ಕಲಿಸಿಬಿಡ್ತೀನಿ. ನಮ್ಮಕ್ಕನ ಕೈ ಒರಟು, ತಲೆ ಬಾಚಿದ್ರೆ ಕೂದಲೇ ಕಿತ್ತು ಬರತ್ತೆ."

ಆ ಮಾತು ಗುಂಡಿ ಅಕ್ಕನ ಬೆನ್ನು ಬಿಡಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ಒರಗಿದರೆ ಅಲ್ಲೂ ಒಲೆಯ ಹತ್ತಿರ ನಿಂತ ಬಿಳಿ ಗುಂಡಿ. ರಸ್ತೆಯ ಮನೆಗಳೆಲ್ಲ ಕರ್ಚೀಫಿನ ಮೇಲೆ ಕಟ್ಟಿದ ಹಾಗೆ ಕಾಣುತ್ತಿದ್ದವು, ಎಲ್ಲ ಬಾಗಿಲುಗಳಲ್ಲೂ ಯಾರೋ ಒಬ್ಬರು ಮಲಗದೆ ನಿಂತಿದ್ದರು.

ಮುಂದಿನ ವಾರ ಅವಳು ಜೈಲಿಗೆ ಹೋದಳು. ತಾಯಿಗೂ ವಿಷಯ ತಿಳಿಸಬೇಕಿತ್ತು. ಬಾಗಿಲಲ್ಲಿ ಕಾವಲಿನವಳು ಚೀಲ ಬಿಚ್ಚಿ ಹುಬ್ಬೇರಿಸಿದಳು.

"ಇದೇನಮ್ಮ, ದರ್ಜಿ ಅಂಗಡೀನೇ ಹೊತ್ಕೊಂಡು ಬಂದಿದ್ದೀರಾ? ಯಾರಾದ್ರೂ ನುಂಗಿದ್ರೆ?"

"ನುಂಗೋ ವಯಸ್ಸಿನೋರು ನಿಮ್ಮಲ್ಲಿ ಯಾರಿದ್ದಾರೆ?"

"ಅಯ್ಯೋ, ಇಲ್ಲಿರೋರಲ್ಲಿ ಅರ್ಧ ಜನ ನುಂಗಿ ಸಿಕ್ಕಿಬಿದ್ದೋರೇ," ಎಂದು ನಕ್ಕು ಕಾವಲಿನವಳು ಬಾಗಿಲು ತೆಗೆದಳು.

ಭೇಟಿಯ ಕೋಣೆಗೆ ಹಸಿರು ಬಣ್ಣ ಬಳಿದಿದ್ದರು. ಎತ್ತರದ ಕಿಟಕಿಯಿಂದ ಬಂದ ಬೆಳಕು ಕೆರೆಯ ತಳಕ್ಕೆ ಇಳಿದ ಬೆಳಕಿನ ಹಾಗೆ ಅಲುಗಾಡುತ್ತಿತ್ತು. ಅಮ್ಮ ಬಂದು ಕೂತಳು. ಗಲ್ಲ, ಹುಬ್ಬು ಎಲ್ಲ ತಂಗಿಯದೇ ಅಚ್ಚು, ಯಾರೋ ಸ್ವಲ್ಪ ಒತ್ತಿ ಬರೆದ ಹಾಗೆ. ಗುಂಡಿ ಅಕ್ಕ ಕರ್ಚೀಫು ಹಾಸಿ, ಮಗು ಜೋಡಿಸಿದ್ದ ಹಾಗೆಯೇ ಜೋಡಿಸಿದಳು. ಬೆಕ್ಕು ಮೂಲೆಯಲ್ಲಿ, ಬಾತುಕೋಳಿ ಗೋಡೆಗೆ, ಬಿಳಿ ಗುಂಡಿ ಒಲೆಗೆ, ಕೆಂಪು ಗುಂಡಿ ದೂರಕ್ಕೆ.

"ಮತ್ತೆ ಇಲ್ಲಿ ನೋಡಿ, ಈ ಜಾಗ. ಬೇರೆ ಯಾರನ್ನೂ ಇಡೋಕೆ ಬಿಡಲಿಲ್ಲ ನಿಮ್ಮ ಮಗಳು. ಬೆಕ್ಕನ್ನೂ ಬಿಡಲಿಲ್ಲ."

ಅಮ್ಮನ ಮುಖ ಅರಳಿತು. ಅರಳಿದ್ದು ಹಾಗೇ ಒಂದು ಕ್ಷಣ ನಿಂತು, ಗಾಳಿ ತಾಗಿದ ದೀಪದ ಹಾಗೆ ಅಲ್ಲಾಡಿತು. ಅವಳು ಬಗ್ಗಿ ಕರ್ಚೀಫನ್ನೇ ನೋಡಿದಳು.

"ನಮ್ಮ ತಂಗಿ ಯಾಕೆ ಒಲೆ ಹತ್ರ ಇದ್ದಾಳೆ?"

"ಚಿಕ್ಕಮ್ಮ ಮಲಗೋದೇ ಇಲ್ಲ ಅಂದ್ಲು."

"ಮಲಗೋದೇ ಇಲ್ಲ ಅಂದ್ಲಾ?" ಅಮ್ಮ ಅಂಗೈಯನ್ನು ಆ ಖಾಲಿ ಜಾಗದ ಮೇಲಿಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ, "ಮೇಡಂ, ಈ ಜಾಗ ನಂಗಲ್ಲ," ಎಂದಳು.

"ಮತ್ತೆ ಯಾರಿಗೆ?"

"ನಮ್ಮಮ್ಮ ಆಸ್ಪತ್ರೇಲಿ ನೆಲ ಒರೆಸ್ತಿದ್ಲು. ನಾವು ಮಲಗಿದ ಮೇಲೆ ಬಂದು ಮಲಗೋಳು, ಏಳೋಕೆ ಮುಂಚೆ ಹೊರಟುಹೋಗೋಳು. ಅವಳು ಕಣ್ಮುಚ್ಚಿದ್ದನ್ನ ನಾವಿಬ್ರೂ ಕಂಡಿಲ್ಲ. ಅಮ್ಮ ಅಂದ್ರೆ ಮಲಗದೇ ಇರೋ ಜಾತಿ ಅಂತಾನೇ ಅಂದ್ಕೊಂಡಿದ್ವಿ. ಆದ್ರೆ ಬೆಳಿಗ್ಗೆ ಎದ್ರೆ ಹಾಸಿಗೇಲಿ ಒಂದು ಕಡೆ ಬೆಚ್ಚಗಿರ್ತಿತ್ತು ಮೇಡಂ. ಅವಳು ಆಗಷ್ಟೇ ಬಿಟ್ಟು ಹೋದ ಜಾಗ. ಅದಕ್ಕೆ ಉರುಳಿಬಿಟ್ರೆ ಇನ್ನೊಂದು ನಿದ್ದೆ ಬರ್ತಿತ್ತು. ಅಂಥ ನಿದ್ದೆ ಆಮೇಲೆ ನಂಗೆ ಎಲ್ಲೂ ಬಂದಿಲ್ಲ." ಮೂಗೆಳೆದುಕೊಂಡು ನಕ್ಕಳು. "ಆ ಜಾಗಕ್ಕೆ ನಾವು ಕಿತ್ತಾಡ್ತಿದ್ವಿ. ನಾನು ದೊಡ್ಡೋಳು, ನಂದೇ ಗೆಲುವು. ಅವಳನ್ನ ಒದ್ದು ಒದ್ದು ಗೋಡೆಗೆ ತಳ್ಳಿಬಿಡ್ತಿದ್ದೆ. ಒಂದಿನಾನಾದ್ರೂ ಬಿಟ್ಟುಕೊಟ್ಟೋಳಲ್ಲ."

ಗುಂಡಿ ಅಕ್ಕನ ಕಿವಿ ಬಿಸಿಯಾಯಿತು. "ಯಾರಾದ್ರೂ ಬರ್ತಾರಾ" ಎಂದು ತಾನು ಕೇಳಿದ್ದಳು. "ಯಾರು" ಎಂದು ಕೇಳಲಿಲ್ಲ. ಹುಡುಗಿ ತಲೆಯಾಡಿಸಿದ್ದು ಸರಿಯೇ ಇತ್ತು. ಚಿಕ್ಕಮ್ಮ ದಿನಾ ಬರುತ್ತಾಳೆ. ಆದರೆ ನಿದ್ದೆ ಹೋದ ಮೇಲೆ ಬಂದು, ಎಚ್ಚರವಾಗುವ ಮುಂಚೆ ಎದ್ದು ಹೋಗುವವಳಿಗೆ ಮಗು ಯಾವ ಗುಂಡಿಯನ್ನು ಇಡಬೇಕು?

"ಇದನ್ನ ನೀವು ಹೇಳದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರಲಿಲ್ಲ," ಎಂದಳು. "ಮಗು ನಿಮಗೇ ಸಿಗ್ತಿತ್ತು."

"ಸಿಗ್ತಿತ್ತು. ಸಿಕ್ಕಿ? ದಿನಾ ಬೆಳಿಗ್ಗೆ ಕಣ್ಮುಚ್ಕೊಂಡೇ ಉರುಳಿ, ತಣ್ಣಗಿರೋ ಹಾಸಿಗೆ ಮೇಲೆ ಕೈಯಾಡಿಸ್ತಿತ್ತಲ್ಲ ಅದು. ಪಕ್ಕದಲ್ಲಿ ಕೂತು ಅದನ್ನ ನೋಡ್ತಾ ಇರ್ಲಾ ನಾನು?" ಅಮ್ಮ ಕೈ ತೆಗೆದಳು. ಕರ್ಚೀಫಿನ ಮೇಲೆ ಅಂಗೈಯ ಬೆವರು ಸಣ್ಣ ಮೋಡದ ಹಾಗೆ ಮೂಡಿತ್ತು. "ಬೇಕಾದ್ರೆ ಹೋಗಿ ನೋಡ್ಕೊಂಡು ಬನ್ನಿ. ನಂಗಂತೂ ನೋಡೋ ಯೋಗ ಇನ್ನೂ ಬಂದಿಲ್ಲ."

ಒಮ್ಮೆ ಎಡವಿದವಳು ಎರಡನೇ ಸಲ ಕಾಲು ನೋಡಿಯೇ ಇಡಬೇಕಲ್ಲ. ಗುಂಡಿ ಅಕ್ಕ ಚಿಕ್ಕಮ್ಮನ ಒಪ್ಪಿಗೆ ಕೇಳಿ, ಒಂದು ದಿನ ಬೆಳಕು ಹರಿಯುವ ಮುಂಚೆಯೇ ಬೇಕರಿಯ ಮೇಲಿನ ಕೋಣೆಗೆ ಹೋದಳು. ಹಿಂದೆ ಬಂದಾಗೆಲ್ಲ ಹಗಲಲ್ಲಿ ಬಂದಿದ್ದಳು. ಹಗಲಲ್ಲಿ ಹಾಸಿಗೆ ಮಡಿಕೆಯಿಲ್ಲದೆ ಹಾಸಿಕೊಂಡು, ತನಗೇನೂ ಗೊತ್ತಿಲ್ಲವೆಂಬಂತೆ ಇರುತ್ತಿತ್ತು.

ಬೀದಿಯಲ್ಲಿ ಮಂಜು. ದೀಪದ ಕಂಬಗಳು ಬುಡವಿಲ್ಲದೆ ತೇಲುತ್ತಿದ್ದವು. ಕೆಳಗೆ ಒಲೆ ಹೊತ್ತಿಸಿದ ವಾಸನೆ, ಹುಳಿ ಬಂದ ಹಿಟ್ಟಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಚಿಕ್ಕಮ್ಮ ಆಗಲೇ ಎದ್ದು ಕೂದಲು ಕಟ್ಟಿಕೊಂಡಿದ್ದಳು. ಚಪ್ಪಲಿಯನ್ನು ಕೈಯಲ್ಲಿ ಹಿಡಿದಿದ್ದಳು, ಸದ್ದಾಗದ ಹಾಗೆ.

"ಏನು ನೋಡ್ತೀರೋ ಮೇಡಂ. ಮಲಗಿರೋ ಮಗೂನಲ್ಲಿ ನೋಡೋಕೇನಿದೆ?" ಎಂದು ಪಿಸುಗುಟ್ಟಿ, ಬಾಗಿಲನ್ನು ಅರ್ಧ ತೆರೆದೇ ಬಿಟ್ಟು ಇಳಿದು ಹೋದಳು.

ಗುಂಡಿ ಅಕ್ಕ ಕುರ್ಚಿಯಲ್ಲಿ ಕೂತಳು. ಕೋಣೆ ನಿಧಾನವಾಗಿ ಉಸಿರಾಡುತ್ತಿತ್ತು. ಗೋಡೆಗೆ ಒತ್ತಿಕೊಂಡು ಜೀರುಂಡೆ, ಮೂಲೆಯಲ್ಲಿ ಕಪ್ಪು ಬೆಕ್ಕು. ನೀಲಿ ಹೊದಿಕೆಯ ಮೇಲೆ ಕಿಟಕಿಯ ಮಂಕು ಬೆಳಕು ಬಿದ್ದು, ತಾನು ದಿನಾ ಹಾಸುವ ಕರ್ಚೀಫೇ ದೊಡ್ಡದಾಗಿ, ಅದರೊಳಗೆ ತಾನೂ ಒಂದು ಗುಂಡಿಯಾಗಿ ಬಿದ್ದ ಹಾಗೆ ಅವಳಿಗೆ ಅನ್ನಿಸಿತು. ಮೆಲ್ಲಗೆ ಕೈ ಚಾಚಿ, ಹಾಸಿಗೆಯ ಈಚೆಯ ಬದಿಯನ್ನು ಮುಟ್ಟಿದಳು. ಆಗ ತಾನೇ ಒಲೆಯಿಂದ ತೆಗೆದ ಬ್ರೆಡ್ಡಿನಷ್ಟು ಬೆಚ್ಚಗಿತ್ತು. ಬೇರೆಯವರ ಜೇಬಿಗೆ ಕೈ ಹಾಕಿದವಳಂತೆ ನಾಚಿ, ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡಳು.

ಸ್ವಲ್ಪ ಹೊತ್ತಿಗೆ ಜೀರುಂಡೆ ಉರುಳಿದಳು. ಕಣ್ಣು ತೆರೆಯಲಿಲ್ಲ. ದಾರಿ ಗೊತ್ತಿದ್ದ ಹಾಗೆ ಬಂದು, ಆ ಬಿಸುಪಿನೊಳಗೆ ಮೊಣಕಾಲು ಮಡಚಿ ಸೇರಿಕೊಂಡಳು. ಮುಖವನ್ನು ತಲೆದಿಂಬಿನ ತಗ್ಗಿಗೆ ಒತ್ತಿದಳು. ಗಂಟಲಿಂದ ಗುಂಯ್ ಎಂದು ಆ ಹಾಡು ಶುರುವಾಯಿತು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಚಿಕ್ಕಮ್ಮ ಅರ್ಧ ಮೆಟ್ಟಿಲು ಹತ್ತಿ ನಿಂತು, ಕಿವಿಗೊಟ್ಟು, ಹಿಟ್ಟಿನ ಕೈಯನ್ನು ಗೋಡೆಗೆ ತಾಗಿಸದೆ ಎತ್ತಿ ಹಿಡಿದುಕೊಂಡು, ಮತ್ತೆ ಇಳಿದು ಹೋದಳು. ಅವಳಿಗೂ ಆ ಹಾಡೇ ಸಾಕಾಗಿತ್ತೇನೋ. ಮಗುವಿಗೆ ತಾನು ಬಿಟ್ಟು ಹೋದದ್ದೇನು ಎಂಬುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಹೇಗೆ ಗೊತ್ತಾಗಬೇಕು? ಅದು ನಡೆಯುವ ಹೊತ್ತಿಗೆ ಅವಳು ಯಾವಾಗಲೂ ಕೆಳಗೆ.

ಗುಂಡಿ ಅಕ್ಕ ಇಳಿದು ಬಂದು ಎಲ್ಲವನ್ನೂ ಹೇಳಿದಳು. ಕರ್ಚೀಫಿನ ಜಾಗ ಯಾರದೆಂದೂ, ಅದನ್ನು ಗುರುತಿಸಿದವರು ಯಾರೆಂದೂ ಹೇಳಿದಳು. ಚಿಕ್ಕಮ್ಮ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. ಇನ್ನೂ ಜೋರಾಗಿ ನಾದಿದಳು.

"ನಮ್ಮಕ್ಕ ಹೇಳಿದ್ಲಾ? ಅವಳೇ?"

"ಅವರೇ."

"ಕಳ್ಳಿ," ಎಂದಳು ಚಿಕ್ಕಮ್ಮ. ಮೊಣಕೈಯಿಂದ ಕಣ್ಣೊರೆಸಿಕೊಂಡು, ಮುಖವೆಲ್ಲ ಹಿಟ್ಟು ಮಾಡಿಕೊಂಡಳು. "ಆವಾಗ ಪೂರ್ತಿ ತಾನೇ ಹೊಡ್ಕೊಂಡು, ಈಗ ದೊಡ್ಡಸ್ತಿಕೆ ನೋಡಿ ಅವಳದು."

ಮುಂದಿನ ವಿಚಾರಣೆಗೆ ಅಮ್ಮ ಬಿಡುಗಡೆಯಾಗಿ ಬಂದಿದ್ದಳು. ಗುಂಡಿ ಅಕ್ಕ ಎದ್ದು ನಿಂತು, "ಸರ್, ಕಳೆದ ಸಲ ನಾನು ಹೇಳಿದ್ದು ತಪ್ಪು," ಎಂದಳು.

"ಗುಂಡಿಗಳು ಮಾತು ಬದಲಿಸಿದವೇ?"

"ಗುಂಡಿಗಳು ಸರಿಯಾಗೇ ಹೇಳಿದ್ವು. ಮಗು ಇಡದೇ ಇರೋ ಗುಂಡೀನ ನಾನೇ ಮನಸ್ಸಲ್ಲಿ ಇಟ್ಟುಬಿಟ್ಟಿದ್ದೆ." ನಡೆದದ್ದನ್ನೆಲ್ಲ ಹೇಳಿ, "ಮಗು ಆ ಮನೆ ಬಿಟ್ಟು ಹೋಗಬಾರದು ಸರ್. ಹಾಗಂತ ಅಮ್ಮನನ್ನ ಮತ್ತೆ ಕಿಟಕಿ ಆಚೆ ನಿಲ್ಲಿಸೋದೂ ಬೇಡ," ಎಂದಳು.

ನ್ಯಾಯಾಧೀಶರು ಅಮ್ಮನ ಕಡೆ ತಿರುಗಿದರು. ಅವಳು ದೂರದ ಊರಿನ ಆಸೆ ಬಿಟ್ಟೆ ಎಂದಳು. ಇಲ್ಲೇ ಹತ್ತಿರದಲ್ಲಿ ಒಂದು ಕೋಣೆ ಹುಡುಕಿಕೊಳ್ಳುತ್ತೇನೆ, ಮಗಳನ್ನು ದಿನಾ ನೋಡಲು ಬಿಟ್ಟರೆ ಸಾಕು ಎಂದಳು. ಅಲ್ಲಿಯವರೆಗೆ ನೆಲ ನೋಡುತ್ತಾ ಕೂತಿದ್ದ ಚಿಕ್ಕಮ್ಮ ದಡಕ್ಕನೆ ಎದ್ದಳು.

"ಕೋಣೆ ಯಾಕೆ ಹುಡುಕ್ತೀಯೇ? ನಮ್ಮನೆ ಏನು ಸುಟ್ಟುಹೋಗಿದ್ಯಾ? ಬಾ, ಬಿದ್ಕೋ. ಆದ್ರೆ ಈ ಸಲ ನಿದ್ದೇಲಿ ಒದ್ರೆ ನೋಡು!"

"ನಾನೆಲ್ಲಿ ಒದೀತೀನಿ?"

"ಕೋರ್ಟಲ್ಲಿ ನಿಂತು ಸುಳ್ಳು ಹೇಳ್ಬೇಡ!"

ಗುಮಾಸ್ತ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ನ್ಯಾಯಾಧೀಶರು ಕನ್ನಡಕ ತೆಗೆದು, ಒರೆಸುವಂಥದ್ದೇನೂ ಇಲ್ಲದಿದ್ದರೂ, ಬಹಳ ಹೊತ್ತು ಒರೆಸಿದರು.

ತೀರ್ಪಿನ ನಂತರವೂ ಕೆಲವು ತಿಂಗಳು ಮನೆಗೆ ಹೋಗಿ ನೋಡಿಬರುವುದು ಗುಂಡಿ ಅಕ್ಕನ ಕೆಲಸದ ಪದ್ಧತಿ. ಹೋದಾಗ ಮಂಚ ಗೋಡೆಯಿಂದ ಈಚೆಗೆ ಬಂದಿತ್ತು. ಗೋಡೆಗೂ ಮಂಚಕ್ಕೂ ನಡುವೆ ಇನ್ನೊಂದು ಸಣ್ಣ ಮಂಚ ಸೇರಿಕೊಂಡಿತ್ತು. ಕೋಣೆಯಲ್ಲಿ ತಿರುಗಾಡಲು ಜಾಗವೇ ಉಳಿದಿರಲಿಲ್ಲ. ಬೆಕ್ಕು ಮುನಿಸಿಕೊಂಡು ಕಿಟಕಿಯ ಕಟ್ಟೆಗೆ ಹೋಗಿತ್ತು. ಕೆಳಗಿನಿಂದ ಅಕ್ಕ ತಂಗಿಯರ ಜಗಳ ಕೇಳುತ್ತಿತ್ತು, ಹಿಟ್ಟಿಗೆ ನೀರು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು.

ಜೀರುಂಡೆ ತಾನೇ ಕರ್ಚೀಫು ಕೇಳಿ ಇಸಿದುಕೊಂಡು ಹಾಸಿದಳು. ಬೆಕ್ಕನ್ನು ಅಂಚಿಗಿಟ್ಟಳು. ಬಾತುಕೋಳಿ ಈ ಸಲ ನಡುವೆ ಬಂತು. ಗೋಡೆಯ ಬದಿಗೆ, ಅದರ ಪಕ್ಕದಲ್ಲಿ, ಕೆಂಪು ಗುಂಡಿ ಮಲಗಿತು.

"ಇದು ಯಾರು?" ಎಂದು ಕೇಳಿದಳು ಗುಂಡಿ ಅಕ್ಕ. ಈಗ ಅವಳು ಎಲ್ಲವನ್ನೂ ಕೇಳುತ್ತಿದ್ದಳು.

"ಅಮ್ಮ. ನಾನು ಎದ್ದಾಗ್ಲೂ ಮಲಗೇ ಇರ್ತಾಳೆ. ಗೊರಕೆ ಹೊಡೀತಾಳೆ."

"ಒದೀತಾಳಾ?"

ಜೀರುಂಡೆ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, "ತುಂಬಾ," ಎಂದಳು.

ಬಾತುಕೋಳಿಯ ಇನ್ನೊಂದು ಬದಿಯ ಜಾಗ ಖಾಲಿಯೇ ಇತ್ತು. ಬಿಳಿ ಗುಂಡಿಯನ್ನು ಹುಡುಗಿ ಎತ್ತಿಕೊಂಡು, ಆ ಖಾಲಿ ಜಾಗದಲ್ಲಿ ಇಟ್ಟು, ಒಂದು ಗಳಿಗೆ ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಆಮೇಲೆ ತೆಗೆದು ಒಲೆಯ ಹತ್ತಿರ ನಿಲ್ಲಿಸಿದಳು. ಗುಂಡಿ ಅಕ್ಕ ಏನೋ ಕೇಳಲು ಹೊರಟಿದ್ದಳು. ಅಷ್ಟರಲ್ಲಿ ಜೀರುಂಡೆ ಅವಳ ಬೆರಳನ್ನು ಹಿಡಿದು ಎಳೆದು, ಬಿಳಿ ಗುಂಡಿ ಆಗ ತಾನೇ ಬಿಟ್ಟುಹೋದ ಜಾಗದ ಮೇಲೆ ಇಟ್ಟಳು.

"ಬೆಚ್ಚಗಿದೆ ಅಲ್ವಾ?" ಎಂದಳು.

ಕಿಟಕಿಯ ಬಿಸಿಲು ಕರ್ಚೀಫಿನ ಮೇಲೆ ಬಿದ್ದಿತ್ತು. ಬೆಚ್ಚಗೇ ಇತ್ತು.